ಅಚ್ಛೋದದ ದಡದಲ್ಲಿ ಇಬ್ಬರು: ಮಹಾಶ್ವೇತೆ ಮತ್ತು ಕಾದಂಬರಿ



ಹಳಗನ್ನಡದ ಯಾವುದಾದರೂ ಒಂದು ಪಾತ್ರವನ್ನು ಕುರಿತು ಮಾತಾಡಬೇಕೆಂದು ಕೇಳಿದ್ದಿರಿ. ನಾನು ಎರಡನ್ನು ಹಿಡಿದುಕೊಂಡು ಬಂದಿದ್ದೇನೆ. ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯ ಮಹಾಶ್ವೇತೆ ಮತ್ತು ಕಾದಂಬರಿ ಬಾಲ್ಯದ ಗೆಳತಿಯರು, ಒಬ್ಬಳನ್ನು ಮಾತಾಡಿಸಿ ಇನ್ನೊಬ್ಬಳನ್ನು ಹೊರಗೆ ನಿಲ್ಲಿಸಿದರೆ ಚೆನ್ನಾಗಿರುವುದಿಲ್ಲ. ಇಬ್ಬರೂ ಪ್ರೀತಿಸಿದರು, ಇಬ್ಬರೂ ಬಂದು ಸೇರುವಷ್ಟರಲ್ಲಿ ಪ್ರಿಯರು ಹೆಣವಾಗಿದ್ದರು, ಇಬ್ಬರೂ ಕಾದರು. ಕಾದದ್ದು ಒಂದೇ ಸರೋವರದ ದಡದಲ್ಲಿ. ಆದರೂ ಕಾದ ರೀತಿ ಒಂದೇ ಅಲ್ಲ. ಆ ವ್ಯತ್ಯಾಸವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಇವತ್ತಿನ ಕೆಲಸ.

ಕಾವ್ಯ ಓದಿದವರನ್ನು ಕೇಳಿ ನೋಡಿ, ನೆನಪಿನಲ್ಲಿ ಉಳಿದಿರುವವಳು ಮಹಾಶ್ವೇತೆ. ಬಿಳಿಯ ಮೈ, ಶಿವಾಲಯ, ವೀಣೆ, ತಪಸ್ಸು. ಓದದವರಿಗೂ ಅವಳ ಹೆಸರು ಗೊತ್ತು. ಸುಧಾ ಮೂರ್ತಿಯವರು ತಮ್ಮ ಜನಪ್ರಿಯ ಕೃತಿಗೆ ಅದೇ ಹೆಸರಿಟ್ಟರು, ಅದರ ನಾಯಕಿ ಅನುಪಮಾ ರಂಗದ ಮೇಲೆ ಮಹಾಶ್ವೇತೆಯಾಗಿಯೇ ನಮಗೆ ಪರಿಚಯವಾಗುತ್ತಾಳೆ. ಕಾದಂಬರಿಯ ಪಾಡು ಬೇರೆ. ಕಾವ್ಯದ ಹೆಸರು ಅವಳದು, ಕನ್ನಡದಲ್ಲಿ ಒಂದು ಇಡೀ ಸಾಹಿತ್ಯಪ್ರಕಾರಕ್ಕೆ ಅವಳದೇ ಹೆಸರು. ಆದರೂ ಅವಳು ಏನು ಮಾಡಿದಳು ಎಂದು ಕೇಳಿದರೆ, ಅರಮನೆಯಲ್ಲಿ ಕುಳಿತು ವಿರಹಪಟ್ಟಳು, ಚಂದನ ಬಳಿದುಕೊಂಡಳು, ತಾವರೆ ಎಲೆಯ ಮೇಲೆ ಮಲಗಿದಳು ಎನ್ನುತ್ತೇವೆ. ತರಗತಿಗಳಲ್ಲಿಯೂ ಹೀಗೇ ಪಾಠವಾಗುತ್ತ ಬಂದಿದೆ: ಒಬ್ಬಳು ತಪಸ್ವಿನಿ, ಇನ್ನೊಬ್ಬಳು ಮುಗ್ಧೆ. ಈ ವಿಂಗಡಣೆಯ ಮೇಲೆ ನನಗೊಂದು ತಕರಾರಿದೆ.

ಕಥೆಯ ಎಳೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಇದು ಅಡಗೂಲಜ್ಜಿಯ ಕಥೆಯ ವಂಶದ್ದೇ. ಮಾತಾಡುವ ಗಿಳಿ, ಶಾಪ, ಮೂರು ಜನ್ಮ, ಕಿನ್ನರರ ಜೋಡಿ, ಗಂಧರ್ವರ ಊರು, ಎಲ್ಲವೂ ಇವೆ. ವಿದಿಶೆಯ ಶೂದ್ರಕ ರಾಜನ ಆಸ್ಥಾನಕ್ಕೆ ಚಂಡಾಲ ಕನ್ಯೆಯೊಬ್ಬಳು ಪಂಜರದಲ್ಲಿ ಗಿಳಿ ತರುತ್ತಾಳೆ. ಗಿಳಿ ತಾನು ಜಾಬಾಲಿ ಮುನಿಯ ಬಾಯಲ್ಲಿ ಕೇಳಿದ ಕಥೆ ಹೇಳುತ್ತದೆ. ಆ ಕಥೆಯೊಳಗೆ ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ ಬರುತ್ತಾನೆ. ಅವನಿಗೆ ಮಹಾಶ್ವೇತೆ ತನ್ನ ಕಥೆ ಹೇಳುತ್ತಾಳೆ. ಏಳನೆಯ ಶತಮಾನದಲ್ಲಿ ಹರ್ಷನ ಆಶ್ರಯದಲ್ಲಿದ್ದ ಬಾಣ ಇದನ್ನು ಸಂಸ್ಕೃತ ಗದ್ಯದಲ್ಲಿ ಬರೆಯುತ್ತಿದ್ದ. ಮುಗಿಸುವ ಮೊದಲೇ ತೀರಿಕೊಂಡ. ಮಗ ಮುಗಿಸಿದ. ನಮ್ಮ ನಾಗವರ್ಮ ಎರಡೂ ಭಾಗಗಳನ್ನು ಚಂಪುವಾಗಿ ಕನ್ನಡಕ್ಕೆ ತಂದ. ಅವನ ಕಾಲ ಹತ್ತನೆಯ ಶತಮಾನದ ಕೊನೆ ಎಂದು ಹಲವರು, ಅಷ್ಟು ಹಿಂದೆ ಅಲ್ಲ ಎಂದು ಕೆಲವರು. ಆ ಜಗಳ ಇವತ್ತು ಬೇಡ. ಬಾಣನ ಉದ್ದುದ್ದ ಸಮಾಸಗಳನ್ನು ಕತ್ತರಿಸಿ, ವರ್ಣನೆಯನ್ನು ಇಳಿಸಿ, ಕಥೆಯ ಎಲುಬು ಮುರಿಯದಂತೆ ಹೇಳಿದ ಎಂಬುದಷ್ಟು ಸಾಕು.

ಈಗ ಮಹಾಶ್ವೇತೆ. ಗಂಧರ್ವ ಹಂಸನ ಮಗಳು. ವಸಂತದಲ್ಲಿ ತಾಯಿ ಗೌರಿಯ ಜೊತೆ ಅಚ್ಛೋದ ಸರೋವರಕ್ಕೆ ಸ್ನಾನಕ್ಕೆ ಬಂದವಳ ಮೂಗಿಗೆ ಎಲ್ಲೂ ಕಾಣದ ಹೂವಿನ ಪರಿಮಳ ಬಡಿಯುತ್ತದೆ. ಅದರ ಜಾಡು ಹಿಡಿದು ಹೋದರೆ ಋಷಿಕುಮಾರ ಪುಂಡರೀಕ, ಕಿವಿಯ ಮೇಲೆ ಪಾರಿಜಾತದ ಗೊಂಚಲು. ಹೂವು ನಿನಗೆ ಇಷ್ಟವಾದರೆ ತೆಗೆದುಕೋ ಎಂದು ಅವನೇ ಅವಳ ಕಿವಿಗೆ ಮುಡಿಸುತ್ತಾನೆ. ಕೆನ್ನೆ ಸೋಕಿದ ಬೆರಳು ನಡುಗಿ ಅವನ ಜಪಮಾಲೆ ಜಾರುತ್ತದೆ. ನೆಲ ಮುಟ್ಟುವ ಮೊದಲೇ ಅವಳು ಹಿಡಿದು ಕೊರಳಿಗೆ ಹಾಕಿಕೊಳ್ಳುತ್ತಾಳೆ. ಗೆಳೆಯ ಕಪಿಂಜಲ ಛೀಮಾರಿ ಹಾಕಿದ ಮೇಲೆ ಪುಂಡರೀಕ ಸುಳ್ಳು ಕೋಪ ತಂದುಕೊಂಡು, ನನ್ನ ಮಾಲೆ ಕೊಡದೆ ಒಂದು ಹೆಜ್ಜೆಯೂ ಇಡಬೇಡ ಎಂದು ಅಡ್ಡಗಟ್ಟುತ್ತಾನೆ. ಅವಳು ತನ್ನ ಕೊರಳಿನ ಮುತ್ತಿನ ಏಕಾವಳಿಯನ್ನು ತೆಗೆದು ಅವನ ಕೈಗೆ ಹಾಕುತ್ತಾಳೆ. ಅವಳ ಮುಖ ನೋಡುತ್ತ ನಿಂತವನಿಗೆ ಕೈಯಲ್ಲಿರುವುದು ಜಪಮಾಲೆಯೋ ಮುತ್ತೋ ಎಂಬ ಪರಿವೆಯೇ ಇಲ್ಲ. ತಪಸ್ವಿಯ ಮಾಲೆ ಹುಡುಗಿಯ ಕೊರಳಿಗೆ ಹೋಯಿತು, ಹುಡುಗಿಯ ಮುತ್ತು ತಪಸ್ವಿಯ ಕೈಗೆ ಬಂತು. ಇಷ್ಟು ಚಿಕ್ಕ ಪ್ರಸಂಗದಲ್ಲಿ ಮುಂದಿನದೆಲ್ಲ ನಡೆದು ಹೋಗಿದೆ: ಆ ಮಾಲೆಯ ಜೊತೆಗೆ ಅವನ ಬದುಕನ್ನೂ ಅವಳು ತೊಟ್ಟುಕೊಂಡಳು.

ಅದೇ ದಿನ ಸಂಜೆ ಕಪಿಂಜಲ ಅವಳ ಮನೆಗೆ ಓಡಿ ಬರುತ್ತಾನೆ, ಗೆಳೆಯ ಉಳಿಯುವುದಿಲ್ಲ ಎಂದು. ಅವಳು ತೂಗಿ ನೋಡುತ್ತಾಳೆ: ಕುಲ, ತಾಯಿತಂದೆ, ಲಜ್ಜೆ. ಚಂದ್ರ ಮೇಲೇರಿದ ಮೇಲೆ ಸಖಿ ತರಳಿಕೆಯನ್ನು ಕರೆದುಕೊಂಡು ಗುಟ್ಟಾಗಿ ಹೊರಡುತ್ತಾಳೆ. ದೂರದಿಂದಲೇ ಕಪಿಂಜಲ ಗೋಳಾಡುವುದು ಕೇಳುತ್ತದೆ. ತಡವಾಗಿತ್ತು. ಚಂದ್ರಾಪೀಡನಿಗೆ ಈ ಕಥೆ ಹೇಳುವಾಗ ಅವಳು ತನ್ನನ್ನು ಸುಮ್ಮನೆ ಬಿಡುವುದೇ ಇಲ್ಲ. ಪಾಪಿ, ಕ್ರೂರಿ ಎಂದು ಮತ್ತೆ ಮತ್ತೆ ಹಳಿದುಕೊಳ್ಳುತ್ತಾಳೆ. ನಾವು ಕೈಮುಗಿಯುವ ಆ ತಪಸ್ಸಿನಲ್ಲಿ ಅರ್ಧ ಒಲವು, ಅರ್ಧ ಪ್ರಾಯಶ್ಚಿತ್ತ ಎಂದು ನನಗೆ ಅನ್ನಿಸುವುದು ಇಲ್ಲಿ. ಚಿತೆ ಹತ್ತಲು ಹೊರಟವಳನ್ನು ಚಂದ್ರಮಂಡಲದಿಂದ ಇಳಿದ ದಿವ್ಯಪುರುಷನೊಬ್ಬ ತಡೆದು, ಮತ್ತೆ ಸೇರುತ್ತೀರಿ ಎಂದು ಹೇಳಿ ಪುಂಡರೀಕನ ದೇಹವನ್ನು ಎತ್ತಿಕೊಂಡು ಹೋಗುತ್ತಾನೆ. ಅವಳಿಗೆ ಉಳಿದದ್ದು ಒಂದು ಮಾತು, ಒಂದು ಜಪಮಾಲೆ. ಅಷ್ಟನ್ನೇ ನೆಚ್ಚಿ ಕುಳಿತಳು. ಇದು ಸಣ್ಣ ಸಂಗತಿ ಎಂದು ನಾನು ಎಲ್ಲಿಯೂ ಹೇಳುವುದಿಲ್ಲ.

ಆದರೆ ಓದುಗರಾಗಿ ನಾವು ಒಂದನ್ನು ಗಮನಿಸಬೇಕು. ಮಹಾಶ್ವೇತೆಯ ಕಥೆಯನ್ನು ಹೇಳುವವಳು ಮಹಾಶ್ವೇತೆಯೇ. ಅವಳ ಎದೆಯೊಳಗಿನಿಂದಲೇ ನಾವು ಎಲ್ಲವನ್ನೂ ನೋಡುತ್ತೇವೆ. ಕಾದಂಬರಿಗೆ ಈ ಅನುಕೂಲವಿಲ್ಲ. ಅವಳನ್ನು ಮೊದಲು ಚಂದ್ರಾಪೀಡನ ಕಣ್ಣಿನಿಂದ ನೋಡುತ್ತೇವೆ; ಆಮೇಲೆ ಅವಳ ಸೇವಕ ಕೇಯೂರಕ ತಂದ ಸುದ್ದಿಯಿಂದ, ಚಂದ್ರಾಪೀಡನ ಪರಿಚಾರಿಕೆ ಪತ್ರಲೇಖೆಯ ವರದಿಯಿಂದ. ದೂತರ ಬಾಯಲ್ಲಿ ಬಂದ ಪ್ರೇಮ ಯಾವಾಗಲೂ ಸ್ವಲ್ಪ ಅತಿಯಾಗಿ ಕೇಳಿಸುತ್ತದೆ. ಇನ್ನೂ ದೊಡ್ಡ ದುರದೃಷ್ಟವೆಂದರೆ, ಪತ್ರಲೇಖೆಯ ಮೂಲಕ ಕಾದಂಬರಿ ಮನಸ್ಸು ಬಿಚ್ಚಿ ಮಾತಾಡಲು ತೊಡಗಿದ ಜಾಗದಲ್ಲಿಯೇ ಬಾಣನ ಲೇಖನಿ ನಿಂತಿತು. ಅವಳ ನಿಜವಾದ ಪರೀಕ್ಷೆ ನಡೆಯುವುದೆಲ್ಲ ಮಗ ಬರೆದ ಉತ್ತರಭಾಗದಲ್ಲಿ. ಪಂಡಿತರು ಉತ್ತರಭಾಗವನ್ನು ಎರಡನೆಯ ದರ್ಜೆಯದು ಎಂದು ಬದಿಗಿಡುವುದು ವಾಡಿಕೆ. ಅದರ ಜೊತೆಗೆ ಕಾದಂಬರಿಯೂ ಬದಿಗೆ ಸರಿದಳು. ಈ ವಿಷಯದಲ್ಲಿ ಕನ್ನಡ ಓದುಗರು ಅದೃಷ್ಟವಂತರು. ನಾಗವರ್ಮನಲ್ಲಿ ಎರಡು ಭಾಗವೂ ಒಬ್ಬನದೇ ಕೈಯಲ್ಲಿ, ಒಂದೇ ಶೈಲಿಯಲ್ಲಿ ಬಂದಿವೆ. ತಂದೆ ನಿಲ್ಲಿಸಿ ಮಗ ಎತ್ತಿಕೊಂಡ ಆ ಜೋಡಣೆ ಇಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ. ಕಾದಂಬರಿಯನ್ನು ಪೂರ್ತಿಯಾಗಿ ನೋಡಲು ನಮಗಿಂತ ಒಳ್ಳೆಯ ಜಾಗ ಯಾರಿಗೂ ಸಿಕ್ಕಿಲ್ಲ, ನಾವೇ ಅದನ್ನು ಬಳಸಿಕೊಂಡಿಲ್ಲ.

ಅವಳು ಕಥೆಗೆ ಬರುವ ಮೊದಲೇ ಅವಳ ಒಂದು ಹಟ ಬರುತ್ತದೆ. ಗೆಳತಿ ದುಃಖದಲ್ಲಿರುವವರೆಗೆ ತಾನು ಮದುವೆಯಾಗುವುದಿಲ್ಲ ಎಂದು ಶಪಥ ಮಾಡಿ ಕುಳಿತಿದ್ದಾಳೆ. ತಂದೆ ಚಿತ್ರರಥ, ತಾಯಿ ಮದಿರೆ ಹೇಳಿ ಹೇಳಿ ಸೋತು, ನೀನಾದರೂ ಬುದ್ಧಿ ಹೇಳು ಎಂದು ಮಹಾಶ್ವೇತೆಗೇ ಹೇಳಿ ಕಳಿಸುತ್ತಾರೆ. ಮಹಾಶ್ವೇತೆಯ ಜೊತೆ ಚಂದ್ರಾಪೀಡ ಕಾದಂಬರಿಯ ಊರಾದ ಹೇಮಕೂಟಕ್ಕೆ ಹೋದದ್ದೇ ಈ ನೆಪದಲ್ಲಿ. ಯಾರನ್ನೂ ಪ್ರೀತಿಸುವ ಮೊದಲೇ ಇನ್ನೊಬ್ಬರ ನೋವಿಗಾಗಿ ತನ್ನ ಸುಖಕ್ಕೆ ಬೀಗ ಹಾಕಿಕೊಂಡವಳು ಇವಳು. ಮುಗ್ಧೆ ಎನ್ನುವವರು ಈ ಶಪಥವನ್ನು ಎಲ್ಲಿ ಇಟ್ಟುಕೊಳ್ಳುತ್ತಾರೋ ತಿಳಿಯದು.

ಮೊದಲ ಭೇಟಿಯ ಸೊಗಸನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಅತಿಥಿಗೆ ನೀನೇ ತಾಂಬೂಲ ಕೊಡು ಎನ್ನುತ್ತಾಳೆ ಮಹಾಶ್ವೇತೆ. ನಾಚಿಕೆಯಾಗುತ್ತದೆ, ನೀನೇ ಕೊಡು ಎನ್ನುತ್ತಾಳೆ ಕಾದಂಬರಿ. ಒತ್ತಾಯದ ಮೇಲೆ ಕೈ ಚಾಚುತ್ತಾಳೆ. ಕೈ ನಡುಗುತ್ತದೆ, ಬೆವರುತ್ತದೆ, ಬಳೆ ಜಾರಿದ್ದೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಅವಳ ಸಾಕಿದ ಮೈನಾ ಕಾಲಿಂದಿ ರೇಗಿಕೊಂಡು ಬರುತ್ತದೆ. ಅದರ ಗಂಡ, ಪರಿಹಾಸ ಎಂಬ ಗಿಳಿ, ತಾಂಬೂಲದ ಹುಡುಗಿ ತಮಾಲಿಕೆಯ ಜೊತೆ ಗುಸುಗುಸು ಮಾತಾಡುತ್ತದೆಯಂತೆ! ಚಂದ್ರಾಪೀಡ ಅದನ್ನೇ ಹಿಡಿದು ಹಾಸ್ಯ ಮಾಡುತ್ತಾನೆ, ಎಲ್ಲರೂ ನಗುತ್ತಾರೆ. ಮಹಾಶ್ವೇತೆಯ ಪ್ರೇಮಕಥೆಯಲ್ಲಿ ನಗುವಿಗೆ ಎಡೆಯೇ ಸಿಕ್ಕಲಿಲ್ಲ, ಒಂದು ಹಗಲಿನಲ್ಲಿ ಹುಟ್ಟಿ ಅದೇ ರಾತ್ರಿ ಮುಗಿಯಿತು. ಕಾದಂಬರಿಯ ಪ್ರೇಮ ತುಂಬಿದ ಮನೆಯಲ್ಲಿ, ಗಿಳಿ ಮೈನಾಗಳ ಸಂಸಾರದ ಜಗಳದ ನಡುವೆ ಹುಟ್ಟುತ್ತದೆ. ಈ ಪಕ್ಷಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತವೆ.

ಅವಳ ಕಾತರ, ಚಡಪಡಿಕೆ ಹಳೆಯ ಕಾಲದವರಿಗೆ ದೋಷವಾಗಿ ಕಂಡಿತ್ತು ಎನ್ನಲು ಸಾಕ್ಷಿಯಿದೆ. ಗುಣಾಢ್ಯನ ಬೃಹತ್ಕಥೆಯ ಪರಂಪರೆಯನ್ನು ಸಂಸ್ಕೃತದಲ್ಲಿ ಉಳಿಸಿದ ಸೋಮದೇವನ ಕಥಾಸರಿತ್ಸಾಗರದಲ್ಲಿ ಇದೇ ಕಥೆ ಬೇರೆ ಹೆಸರುಗಳಲ್ಲಿ ಸಿಕ್ಕುತ್ತದೆ. ಅಲ್ಲಿ ಮಹಾಶ್ವೇತೆಯ ಜಾಗದಲ್ಲಿ ಮನೋರಥಪ್ರಭೆ, ಕಾದಂಬರಿಯ ಜಾಗದಲ್ಲಿ ಮಕರಂದಿಕೆ. ಪ್ರಿಯನಿಲ್ಲದೆ ತಾಳಲಾರದೆ ಒದ್ದಾಡುವ ಮಕರಂದಿಕೆಗೆ ಹೆತ್ತವರೇ, ನಿಷಾದರಲ್ಲಿ ಹೋಗಿ ಬಾಳು ಎಂದು ಶಾಪ ಕೊಡುತ್ತಾರೆ. ಪ್ರೀತಿಯಲ್ಲಿ ಸಂಯಮ ತಪ್ಪಿದ ಹುಡುಗಿಗೆ ಶಿಕ್ಷೆ. ಬಾಣನ ಕಥೆಯಲ್ಲಿ ಆ ಶಾಪವೇ ಇಲ್ಲ. ಗಿಳಿಯನ್ನು ತರುವ ಹುಡುಗಿ ಅಲ್ಲಿ ಶಪ್ತಳಾದ ನಾಯಕಿ; ಇಲ್ಲಿ ಪುಂಡರೀಕನ ತಾಯಿ ಲಕ್ಷ್ಮಿ, ಮಗನನ್ನು ಕಾಯಲು ವೇಷ ಹಾಕಿ ಬಂದವಳು. ಕಾದಂಬರಿಯ ಚಡಪಡಿಕೆಯನ್ನು ಯಾರೂ ದಂಡಿಸುವುದಿಲ್ಲ. ಈ ಒಂದು ಬದಲಾವಣೆಯಿಂದ ಕಥೆಯ ಮನಸ್ಸೇ ಬದಲಾಯಿತು ಎಂದು ನನ್ನ ಎಣಿಕೆ.

ಈಗ ಕಥೆಯ ಗಂಟು. ತಂದೆಯ ಓಲೆ ಬಂದು ಚಂದ್ರಾಪೀಡ ಕಾದಂಬರಿಯನ್ನು ಮತ್ತೊಮ್ಮೆ ಕಾಣದೆ, ಹೇಳಿ ಕಳಿಸಿ ಉಜ್ಜಯಿನಿಗೆ ಹೊರಟುಬಿಡುತ್ತಾನೆ. ದಂಡಿನ ಜೊತೆ ಹಿಂದೆ ಬರಬೇಕಿದ್ದ ಅವನ ಗೆಳೆಯ, ಮಂತ್ರಿ ಶುಕನಾಸನ ಮಗ ವೈಶಂಪಾಯನ, ಅಚ್ಛೋದವನ್ನು ಕಂಡದ್ದೇ ತಡ, ಕಳೆದುಕೊಂಡ ಏನನ್ನೋ ಹುಡುಕುವವನ ಹಾಗೆ ಅಲ್ಲಿಯೇ ಅಲೆಯುತ್ತ ನಿಂತುಬಿಡುತ್ತಾನೆ. ಮಹಾಶ್ವೇತೆಯನ್ನು ಕಂಡು ಬೆನ್ನು ಹತ್ತುತ್ತಾನೆ. ಅವಳು ತರಳಿಕೆಯ ಮೂಲಕ ಹೇಳಿಸುತ್ತಾಳೆ, ಬರಬೇಡ ಎಂದು. ಒಂದು ಬೆಳದಿಂಗಳ ರಾತ್ರಿ ಅವನು ತೋಳು ಚಾಚಿಕೊಂಡು ಬಂದೇ ಬಿಡುತ್ತಾನೆ. ಪುಂಡರೀಕನನ್ನು ಕಂಡಂದಿನಿಂದ ಮನಸ್ಸಿನಲ್ಲಿಯೂ ನಾನು ಬೇರೆ ಗಂಡಸನ್ನು ನೆನೆಯದಿದ್ದರೆ, ಹೇಳಿದ್ದನ್ನೇ ಹೇಳುವ ಇವನು ಗಿಳಿಯಾಗಲಿ ಎಂದು ಅವಳು ಶಪಿಸುತ್ತಾಳೆ. ಅವನು ಅಲ್ಲಿಯೇ ಉರುಳಿ ಬೀಳುತ್ತಾನೆ. ಆ ವೈಶಂಪಾಯನ ಮರುಹುಟ್ಟು ಪಡೆದ ಪುಂಡರೀಕನೇ.

ಲೋಕದ ಪ್ರೇಮಕಥೆಗಳಲ್ಲಿ ಇಷ್ಟು ಕ್ರೂರವಾದ ತಿರುವು ನನಗೆ ಹೆಚ್ಚು ಸಿಕ್ಕಿಲ್ಲ. ಶಾಪಕ್ಕೆ ಬಲ ಬಂದದ್ದು ಪುಂಡರೀಕನ ಮೇಲಿನ ನಿಷ್ಠೆಯಿಂದ. ಶಾಪ ತಗುಲಿದ್ದು ಪುಂಡರೀಕನಿಗೆ. ನಿಷ್ಠೆಯಲ್ಲಿ ಎಳ್ಳಷ್ಟು ಕೊರತೆ ಇದ್ದಿದ್ದರೆ ಅವನು ಬದುಕುತ್ತಿದ್ದ! ಇದನ್ನು ಹಿಡಿದುಕೊಂಡು ಮಹಾಶ್ವೇತೆಯದು ಕುರುಡು ಪ್ರೀತಿ ಎಂದು ತೀರ್ಪು ಕೊಡಲು ನಾನು ತಯಾರಿಲ್ಲ. ಕಾಡಿನಲ್ಲಿ ಒಂಟಿ ಹೆಂಗಸು, ಬೇಡವೆಂದರೂ ನಡುರಾತ್ರಿ ಮೇಲೆ ಬರುವ ಅಪರಿಚಿತ. ಅವನೊಳಗೆ ಯಾರ ಆತ್ಮವಿದೆ ಎಂದು ವಿಚಾರಿಸುತ್ತ ನಿಲ್ಲಬೇಕಾಗಿತ್ತೇ? ಅವಳು ಮಾಡಿದ್ದು ಸರಿ. ಸರಿಯಾದದ್ದನ್ನು ಮಾಡಿಯೂ ತನ್ನ ಬಾಳನ್ನು ತಾನೇ ಎರಡನೆಯ ಸಲ ಸುಟ್ಟುಕೊಂಡಳು ಎಂಬುದು ಅವಳ ದುರಂತ. ಆದರೂ ಒಂದು ಮಾತು ಉಳಿಯುತ್ತದೆ. ಅವಳ ಒಲವು ಒಂದು ರೂಪಕ್ಕೆ, ಒಂದು ಹೆಸರಿಗೆ, ಒಂದು ದಿನಕ್ಕೆ ಕಟ್ಟಿಹಾಕಿಕೊಂಡ ಒಲವು. ಆ ರೂಪ ಕಳಚಿ ಬಂದವನಿಗೆ ಅಲ್ಲಿ ಒಳಗೆ ಬರಲು ಬಾಗಿಲಿರಲಿಲ್ಲ.

ಸುದ್ದಿ ಕೇಳಿ ಓಡಿ ಬಂದ ಚಂದ್ರಾಪೀಡನಿಗೆ ಮಹಾಶ್ವೇತೆ ನಡೆದದ್ದನ್ನು ಹೇಳುತ್ತಾಳೆ. ಅವನ ಎದೆ ಒಡೆಯುತ್ತದೆ. ಕೊನೆಯ ಮಾತು ಕಾದಂಬರಿಯ ಬಗ್ಗೆ, ಈ ಜನ್ಮದಲ್ಲಿ ಅವಳ ಸೇವೆ ಸಿಕ್ಕಲಿಲ್ಲ ಎಂದು. ಆದರೆ ಪೆಟ್ಟು ಬಿದ್ದದ್ದು ಗೆಳೆಯನ ಸಾವಿನಿಂದ. ಅಲಂಕರಿಸಿಕೊಂಡು ಅವನನ್ನು ನೋಡಲು ಬಂದ ಕಾದಂಬರಿಯ ಎದುರಿಗೆ ಹೆಣ.

ಇಬ್ಬರು ಹೆಣ್ಣುಗಳನ್ನು ತಕ್ಕಡಿಯಲ್ಲಿಡುವುದಾದರೆ ಇಡಬೇಕಾದ್ದು ಇಲ್ಲಿ, ಸಾಯಲು ಹೊರಟ ಗಳಿಗೆಯಲ್ಲಿ. ಮಹಾಶ್ವೇತೆ ಅಂದು ತರಳಿಕೆಗೆ ಹೇಳಿದ್ದು ಒಂದೇ ಮಾತು: ಕಟ್ಟಿಗೆ ತಾ, ಚಿತೆ ಒಟ್ಟು. ಅವಳ ಪಾಲಿಗೆ ಲೋಕ ಅಲ್ಲಿಗೆ ಮುಗಿದಿತ್ತು. ಕಾದಂಬರಿಯೂ ಸಾಯಲು ನಿಶ್ಚಯಿಸುತ್ತಾಳೆ. ಆದರೆ ಅದಕ್ಕೆ ಮೊದಲು ಗೆಳತಿ ಮದಲೇಖೆಯನ್ನು ಕರೆದು ಮನೆಯ ಪಟ್ಟಿ ಒಪ್ಪಿಸುತ್ತಾಳೆ. ಅಪ್ಪ ಅಮ್ಮ ಜೀವ ಬಿಡದಂತೆ ನೋಡಿಕೋ. ಪಂಜರದಲ್ಲಿರುವ ಪಾಪದ ಕಾಲಿಂದಿಯನ್ನೂ ಪರಿಹಾಸನನ್ನೂ ಬಿಟ್ಟುಬಿಡು. ನನ್ನ ಮುಂಗುಸಿಯನ್ನು ನಿನ್ನ ಮಡಿಲಲ್ಲಿ ಮಲಗಿಸಿಕೋ. ಜಿಂಕೆಮರಿಯನ್ನು ಆಶ್ರಮಕ್ಕೆ ಕೊಡು. ಹಾಸಿಗೆಯ ತಲೆದೆಸೆಯಲ್ಲಿರುವ ಮನ್ಮಥನ ಚಿತ್ರವನ್ನು ಹರಿದುಹಾಕು. ಸಾವಿನ ಹೊಸ್ತಿಲಲ್ಲಿ ನಿಂತು ಮುಂಗುಸಿ ಎಲ್ಲಿ ಮಲಗಬೇಕು ಎಂದು ಯೋಚಿಸುವವಳನ್ನು ನಾವು ಮುಗ್ಧೆ ಎನ್ನುತ್ತಿದ್ದೇವೆ. ದುಃಖದ ಆಳ ಇಬ್ಬರಲ್ಲೂ ಒಂದೇ. ಒಬ್ಬಳ ದುಃಖಕ್ಕೆ ತನ್ನ ಸುತ್ತಲಿನವರು ಕಾಣುವುದಿಲ್ಲ, ಇನ್ನೊಬ್ಬಳಿಗೆ ಎಲ್ಲರೂ ಕಾಣುತ್ತಾರೆ. ಎರಡನೆಯದೇ ಕಷ್ಟದ್ದು ಎಂದು ನನ್ನ ಅಭಿಪ್ರಾಯ. ತಂದೆಯ ಗದ್ಯಕ್ಕೆ ಮಗನ ಗದ್ಯ ಸಾಟಿಯಲ್ಲ ಎನ್ನುವವರು ಈ ಒಂದು ಸಂದರ್ಭವನ್ನಾದರೂ ನಿಧಾನವಾಗಿ ಓದಬೇಕು.

ಆಗ ಆಕಾಶವಾಣಿಯಾಗುತ್ತದೆ: ಚಂದ್ರಾಪೀಡನ ದೇಹ ಕೆಡುವುದಿಲ್ಲ, ಶಾಪ ತೀರುವವರೆಗೆ ಕಾಪಾಡು, ಸುಡಬೇಡ. ಗಮನಿಸಿ, ಮಹಾಶ್ವೇತೆಯ ಪ್ರಿಯನ ದೇಹವನ್ನು ಚಂದ್ರಲೋಕ ಇಟ್ಟುಕೊಂಡಿತು. ಕಾದಂಬರಿಯ ಪ್ರಿಯನ ದೇಹ ಅವಳ ಕೈಗೇ ಬಂತು. ಒಬ್ಬಳಿಗೆ ಧ್ಯಾನ, ಇನ್ನೊಬ್ಬಳಿಗೆ ಚಾಕರಿ. ಕಾದಂಬರಿ ಒಡವೆ ಕಳಚುತ್ತಾಳೆ, ಮಂಗಳಕ್ಕೆಂದು ಒಂದು ಬಳೆ ಮಾತ್ರ ಉಳಿಸಿಕೊಳ್ಳುತ್ತಾಳೆ. ಸ್ನಾನ ಮಾಡಿ ಬಿಳಿ ಉಡುತ್ತಾಳೆ. ತುಟಿಯ ತಾಂಬೂಲದ ಕೆಂಪನ್ನು ಉಜ್ಜಿ ಉಜ್ಜಿ ತೆಗೆಯುತ್ತಾಳೆ. ಅದು ಅಂದು ನಡುಗುವ ಕೈಯಿಂದ ಕೊಟ್ಟ ತಾಂಬೂಲದ್ದೇ ಬಣ್ಣ. ಹಗಲೆಲ್ಲ ಉಪವಾಸವಿದ್ದು, ರಾತ್ರಿ ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಎಚ್ಚರವಾಗಿ ಕೂರುತ್ತಾಳೆ. ಬೆಳಗಾದ ಮೇಲೆ ಮೈ ಸವರಿ ನೋಡುತ್ತಾಳೆ, ನಿಜವಾಗಿಯೂ ಬಾಡಿಲ್ಲವೇ ಎಂದು. ಆಕಾಶವೇ ಹೇಳಿದರೂ ಕೈಯಿಂದ ಮುಟ್ಟಿ ನೋಡದೆ ಅವಳು ನಂಬುವುದಿಲ್ಲ! ತನ್ನೊಬ್ಬಳ ಕಣ್ಣನ್ನೂ ನೆಚ್ಚದೆ ಮದಲೇಖೆಗೂ ನೋಡಲು ಹೇಳುತ್ತಾಳೆ. ಆಮೇಲೆ ದಿನದ ಮೇಲೆ ದಿನ ಅದೇ ಕೆಲಸ. ಉಜ್ಜಯಿನಿಯಿಂದ ಚಂದ್ರಾಪೀಡನ ತಂದೆತಾಯಿ ತಾರಾಪೀಡ, ವಿಲಾಸವತಿ ಬಂದು ಅಲ್ಲಿಯೇ ತಪಸ್ವಿಗಳಂತೆ ನೆಲೆಸಿದ ಮೇಲೂ ಆ ಶುಶ್ರೂಷೆ ಅವಳದೇ. ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲಿ ತಿಂಗಳುಗಟ್ಟಲೆ ಕುಳಿತವರು ನಿಮ್ಮಲ್ಲಿದ್ದರೆ, ಈ ಭಾಗವನ್ನು ನನಗಿಂತ ಚೆನ್ನಾಗಿ ಓದಬಲ್ಲಿರಿ.

ಗಂಡಸರ ಬಗ್ಗೆ ಎರಡು ಮಾತು ಸಾಕು. ಪುಂಡರೀಕ ಸಾಯುವಾಗ ಚಂದ್ರನನ್ನು ಶಪಿಸಿದ, ಚಂದ್ರ ಮರುಶಾಪ ಕೊಟ್ಟ; ಆ ಚಂದ್ರನೇ ಚಂದ್ರಾಪೀಡನಾಗಿ ಹುಟ್ಟಿಬಂದ. ಈ ಎಲ್ಲ ಪಡಿಪಾಟಲಿಗೆ ಮೂಲ ಆ ಸಿಡುಕು. ಪುಂಡರೀಕ ಇಷ್ಟು ದುರ್ಬಲನೇಕೆ ಎಂದು ಮಗ ಹಾರೀತ ಕೇಳಿದರೆ, ಅವನು ಹೆಣ್ಣಿನ ಅಂಶದಿಂದ ಮಾತ್ರ ಹುಟ್ಟಿದವನು, ಅದಕ್ಕೇ ಹೀಗೆ ಎಂದು ಜಾಬಾಲಿ ಮುನಿ ಕಾರಣ ಕೊಡುತ್ತಾನೆ. ತ್ರಿಕಾಲಜ್ಞಾನಿಯ ಮಾತಿಗೆ ಎದುರಾಡಬಾರದು ನಿಜ. ಆದರೆ ಈ ಕಥೆಯಲ್ಲಿ ಎದೆಯೊಡೆದು ಸಾಯುವವರೆಲ್ಲ ಗಂಡಸರು, ಬದುಕಿ ಉಳಿದು ಹೊತ್ತುಕೊಳ್ಳುವವರು ಹೆಂಗಸರು.

ಕೊನೆಗೆ ಶಾಪ ತೀರುತ್ತದೆ. ಶೂದ್ರಕ ರಾಜನಾಗಿ ಹುಟ್ಟಿದ್ದ ಚಂದ್ರಾಪೀಡ, ಗಿಳಿಯಾಗಿ ಹುಟ್ಟಿದ್ದ ವೈಶಂಪಾಯನ ಆ ದೇಹಗಳನ್ನು ಬಿಡುತ್ತಾರೆ. ವಸಂತ ಬರುತ್ತದೆ. ಮನ್ಮಥನ ಹಬ್ಬದ ದಿನ ಸಂಜೆ, ಕಾದಂಬರಿ ಚಂದ್ರಾಪೀಡನ ದೇಹವನ್ನು ಸಿಂಗರಿಸಿ, ತಡೆಯಲಾರದೆ ಅಪ್ಪಿಕೊಳ್ಳುತ್ತಾಳೆ. ಆ ಸ್ಪರ್ಶಕ್ಕೆ ಅವನು ಏಳುತ್ತಾನೆ. ಪುಂಡರೀಕ ಆಕಾಶದಿಂದ ಇಳಿದು ಬರುತ್ತಾನೆ, ಕೊರಳಲ್ಲಿ ಅದೇ ಏಕಾವಳಿ. ಅವನ ಆಗಮನದ ಸುದ್ದಿಯನ್ನು ಮಹಾಶ್ವೇತೆಗೆ ಓಡಿ ಹೋಗಿ ಹೇಳುವವಳು ಕಾದಂಬರಿಯೇ. ಅವಳ ಸಂತೋಷವೂ ಒಬ್ಬಳೇ ಉಣ್ಣುವ ಜಾತಿಯದಲ್ಲ.

ಮದುವೆಗಳಾಗಿ, ಎಲ್ಲರೂ ಸುಖವಾಗಿದ್ದರು ಎನ್ನುವ ಹಂತದಲ್ಲಿ ಒಂದು ಪ್ರಶ್ನೆ ಬರುತ್ತದೆ. ಚಂದ್ರಾಪೀಡನ ನೆರಳಿನಂತಿದ್ದ ತಾಂಬೂಲವಾಹಿನಿ ಪತ್ರಲೇಖೆ, ಅವನು ಸತ್ತಾಗ ಕುದುರೆ ಇಂದ್ರಾಯುಧನನ್ನು ಎಳೆದುಕೊಂಡು ಅಚ್ಛೋದಕ್ಕೆ ಹಾರಿದ್ದಳು. ಕವಿಗಳು ಮರೆತ ಹೆಣ್ಣುಗಳ ಬಗ್ಗೆ ಬರೆದ ಪ್ರಬಂಧದಲ್ಲಿ ರವೀಂದ್ರನಾಥ ಠಾಕೂರರು ಊರ್ಮಿಳೆಯ ಜೊತೆ ಈ ಪತ್ರಲೇಖೆಯನ್ನೂ ಸೇರಿಸಿದ್ದಾರೆ. ಅವರ ದೂರು ನ್ಯಾಯವಾದದ್ದೇ. ಸದಾ ಪಕ್ಕದಲ್ಲಿದ್ದ ತರುಣಿಗೆ ಒಂದು ಹೃದಯವಿತ್ತು ಎಂದು ಬಾಣ ಗಮನಿಸಲೇ ಇಲ್ಲ. ಆದರೆ ಕಥೆಯೊಳಗೆ ಒಬ್ಬಳು ಗಮನಿಸಿದ್ದಳು. ಹೇಮಕೂಟದಲ್ಲಿ ಅವಳನ್ನು ಸವತಿಯೋ ಏನೋ ಎಂದು ಅನುಮಾನಿಸದೆ, ಕೆಲವು ದಿನ ನನ್ನ ಜೊತೆ ಇರಲಿ ಎಂದು ಉಳಿಸಿಕೊಂಡವಳು, ತನ್ನ ಮನಸ್ಸನ್ನೆಲ್ಲ ಅವಳ ಮುಂದೆ ತೆರೆದವಳು ಕಾದಂಬರಿ. ಈಗ ಗಂಡನನ್ನು ಕೇಳುವವಳೂ ಅವಳೇ: ಸತ್ತ ನಾವೆಲ್ಲ ಬದುಕಿ ಬಂದೆವು, ಒಬ್ಬರಿಗೊಬ್ಬರು ಸಿಕ್ಕಿದೆವು, ಪಾಪ, ಪತ್ರಲೇಖೆ ಮಾತ್ರ ಕಾಣುವುದಿಲ್ಲ, ಅವಳು ಏನಾದಳು? ಅವಳು ನನಗಾಗಿ ಭೂಮಿಗೆ ಬಂದಿದ್ದ ರೋಹಿಣಿ, ನನ್ನ ಲೋಕದಲ್ಲಿ ಅವಳನ್ನು ಕಾಣುತ್ತೀಯೆ ಎನ್ನುತ್ತಾನೆ ಚಂದ್ರ. ರೋಹಿಣಿ ಅವನ ಹೆಂಡತಿ. ಅದನ್ನು ತಿಳಿದು ಕಾದಂಬರಿಗೆ ಅಸೂಯೆಯಾಗುವುದಿಲ್ಲ. ಅವಳ ದೊಡ್ಡತನವನ್ನು ನೆನೆದು ನಾಚಿ ಸುಮ್ಮನಾಗುತ್ತಾಳೆ.